ಒತ್ತಕ್ಷರ ಬಿದ್ದ ರಾತ್ರಿ

ಶಿರಸಿಯಲ್ಲಿ ನನ್ನ ಪುಟ್ಟ ಡಿಸೈನ್ ಅಂಗಡಿಗೆ ಮೊನ್ನೆ ಐದು ವರ್ಷ ತುಂಬಿತು. ಒಂದು ಟೇಬಲ್, ಒಂದು ಕಂಪ್ಯೂಟರ್, ನಾನು. ಅಷ್ಟೇ ಅಂಗಡಿ.

ಮೊದಲ ಲೋಗೋ ಮಾಡಿಸಿದ ಯಕ್ಷಗಾನ ಮಂಡಳಿಯವರಿಗೆ, ಬಾಡಿಗೆ ತಡವಾದರೂ ಗೊಣಗದ ಮಾಲೀಕರಿಗೆ, ಮಧ್ಯಾಹ್ನದ ಊಟ ಕಳಿಸುವ ಅತ್ತಿಗೆಗೆ, "ಅಕ್ಷರ ಸ್ವಲ್ಪ ದೊಡ್ಡ ಮಾಡಿ" ಅಂತ ಹೇಳುತ್ತಲೇ ಮತ್ತೆ ಮತ್ತೆ ಬಂದ ಎಲ್ಲ ಗಿರಾಕಿಗಳಿಗೆ ಥ್ಯಾಂಕ್ಸ್. ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳಿಗೂ ಒಂದು ನಮಸ್ಕಾರ. ಬಿಳಿ ಗಾರೆಯ ಮೇಲೆ ಕೆಂಪು ಬಳಿದು, ಕೆರೆದು ಬಿಳಿ ತೆಗೆಯುವ ಕೆಲಸ ಅದು. ಒಂದೇ ಬಣ್ಣದಲ್ಲಿ ಲೋಗೋ ನಿಲ್ಲಬೇಕು ಅನ್ನೋದನ್ನು ನಾನು ಕಲಿತದ್ದು ಅಲ್ಲಿ. ಸಣ್ಣ ಸಂಘದವರಿಗೆ ರಬ್ಬರ್ ಸ್ಟಾಂಪಿಗೂ ಅದೇ ಲೋಗೋ ಬೇಕಾಗುತ್ತದೆ, ಅಲ್ವಾ?

ಉಳಿದ ಥ್ಯಾಂಕ್ಸ್ ಎಲ್ಲ ಪ್ರಿಂಟಿಂಗ್ ಪ್ರೆಸ್ಸಿನ ಅಣ್ಣನಿಗೆ.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಹುಷಾರಿಲ್ಲದೆ ನಮ್ಮ ಮನೆ ಯಾವ ಸ್ಥಿತಿಯಲ್ಲಿತ್ತು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆ ಕತೆ ಮತ್ತೆ ಬರೆಯುವುದಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ಕೂತು, ಫೋನಿನಿಂದಲೇ ಮಹಿಳಾ ಸಂಘದ ಉಪ್ಪಿನಕಾಯಿ ಲೇಬಲ್ಲಿನ ಫೈಲ್ ಕಳಿಸಿದ್ದೆ. ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ ಮಾಡಬೇಕು. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ನಾನು ಮರೆತಿದ್ದೆ. ಸಂಜೆ ಬಂದು ನೋಡಿದರೆ 600 ಸ್ಟಿಕರ್‌ಗಳ ಮೇಲೂ "ಅಪ್‌ಪೆಮಿಡಿ ಉಪ್‌ಪಿನಕಾಯಿ". ಬೆಳಿಗ್ಗೆ ಎಂಟಕ್ಕೆ ಅವರ ಮಳಿಗೆ ಶುರು.

ಅಣ್ಣ ಮನೆಗೆ ಹೊರಟವರು ಚಪ್ಪಲಿ ಬಿಟ್ಟು ವಾಪಸ್ ಒಳಗೆ ಬಂದರು. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಕೂತು ಅತ್ತುಬಿಟ್ಟೆ. ಸ್ಟಿಕರ್‌ಗಾಗಿ ಅಲ್ಲ. ಅಂಗಡಿ ಮುಚ್ಚುತ್ತೇನೆ, ಇದೆಲ್ಲ ನನಗೆ ಆಗೋದಲ್ಲ ಅಂದೆ. ಅವರು ಸಮಾಧಾನ ಮಾಡಲಿಲ್ಲ. ಮೇಣದಬತ್ತಿ ಹಚ್ಚಿ, ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲದ ಕತೆ ತೆಗೆದರು. "ಆವಾಗ ಒತ್ತಕ್ಷರಕ್ಕೆ ಬೇರೆ ಮೊಳೆ ತಂಗಿ. ಕೈ ಜಾರಿ ಬಿದ್ರೆ ನೆಲದ ಮೇಲೆ ಹುಡುಕ್ತಿದ್ವಿ. ನೀನು ಕಂಪ್ಯೂಟರಲ್ಲೂ ಬೀಳಿಸಿದ್ಯಲ್ಲ ಮಾರಾಯ್ತಿ!"

ಅಳುತ್ತಲೇ ನಗು ಬಂತು.

ಕರೆಂಟು ಬಂದದ್ದು ಒಂದೂವರೆಗೆ. 25 ಶೀಟ್ ಪ್ರಿಂಟ್ ಆಗಲು ಹೊತ್ತೇನೂ ಹಿಡಿಯಲಿಲ್ಲ, ಕತ್ತರಿಸುವುದೇ ಕಷ್ಟ. ಗುಂಡಗಿನ ಲೇಬಲ್ಲೇ ಬೇಕು ಅಂತ ಹಟ ಹಿಡಿದವಳೂ ನಾನೇ! ಇಬ್ಬರೂ ಕತ್ತರಿ ಹಿಡಿದು ಕೂತೆವು. ನನ್ನವು ಅಂಕುಡೊಂಕು. ಅವರು ಕತ್ತರಿಯನ್ನು ಅಲ್ಲಾಡಿಸದೆ ಕಾಗದವನ್ನೇ ತಿರುಗಿಸುತ್ತಿದ್ದರು, ಅಂಚು ಬಳೆಯ ಹಾಗೆ ಬರುತ್ತಿತ್ತು. ನಾಲ್ಕು ಗಂಟೆ ಸುಮಾರಿಗೆ, ತಲೆ ಎತ್ತದೆ, "ಅಪ್ಪ ಊಟ ಮಾಡ್ತಾರಾ?" ಅಂತ ಒಮ್ಮೆ ಕೇಳಿದರು. ಹೂಂ ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಎಂಟಕ್ಕೆ ಬಾಟಲಿಗಳು ಮಳಿಗೆಯಲ್ಲಿದ್ದವು. ಎರಡನೇ ಸಲದ ಪ್ರಿಂಟಿಗೆ ಬಿಲ್ ಇಂದಿಗೂ ಬಂದಿಲ್ಲ. ಕೇಳಿದರೆ, "ಪುಸ್ತಕ ಹುಡುಕ್ಬೇಕು" ಅಂತಾರೆ.

ಆ ತಪ್ಪು ಸ್ಟಿಕರ್ ಒಂದನ್ನು ಮಾತ್ರ ತಮ್ಮ ಮಷೀನಿಗೆ ಅಂಟಿಸಿಕೊಂಡಿದ್ದಾರೆ. ನಾನು ಹೊಸ ಫೈಲ್ ತಂದಾಗಲೆಲ್ಲ, ಪೆನ್‌ಡ್ರೈವ್ ಕೈಗೆ ತಗೊಳ್ಳುವ ಮೊದಲು, ಅದನ್ನು ಜೋರಾಗಿ ಓದಿಸುತ್ತಾರೆ.