ದೋಣಿಯ ಹಲಗೆಗಳನ್ನು ಇನ್ನು ದಡದಲ್ಲಿ ತೊಳೆಯುವುದಿಲ್ಲ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಸೂಳೆಕೆರೆ, ಹರಿಹರದ ಹೊಳೆ ದಂಡೆ, ಹಿರಿಯೂರಿನ ಮಾರಿಕಣಿವೆ, ಈ ಕಡೆಗಳಲ್ಲಿ ದೋಣಿ ಇಟ್ಟುಕೊಂಡಿರುವ ನಿಮ್ಮೆಲ್ಲರಿಗೂ ಈ ಪತ್ರ. ಯುಗಾದಿ ಆದ ಮೇಲೆ ನಮ್ಮ ಮರಗೆಲಸದ ಸಂಘ ಎಣ್ಣೆ ಕಲೆ ತೆಗೆಯುವ ರೀತಿಯನ್ನೇ ಬದಲಾಯಿಸುತ್ತಿದೆ. ನೀರಿನ ದಡಕ್ಕೆ ಬಂದು ಸೀಮೆಎಣ್ಣೆ ಹಾಕಿ ಉಜ್ಜಿಕೊಡುವ ಕೆಲಸ ಇನ್ನಿಲ್ಲ. ಕಾಲಿಡುವ ಹಲಗೆಗಳನ್ನು ಬಿಚ್ಚಿ ದಾವಣಗೆರೆಯ ನಮ್ಮ ಶೆಡ್ಡಿಗೆ ತರಬೇಕು. ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯಲು ಆಗುವುದಿಲ್ಲ, ನಾಲ್ಕೈದು ದಿನ ಹಿಡಿಯುತ್ತದೆ. ಮೀನು ಹಿಡಿಯುವವರಿಗೆ ದೋಣಿ ನಿಂತರೆ ದುಡಿಮೆಯೇ ನಿಲ್ಲುತ್ತದೆ ಅಂತ ನಮಗೆ ಗೊತ್ತು. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಸೀಮೆಎಣ್ಣೆ ಹಾಕಿದ ಕೂಡಲೇ ಕಲೆ ತಿಳಿಯಾಗುತ್ತದೆ, ನಿಜ. ಆದರೆ ಎಣ್ಣೆ ಎಲ್ಲಿ ಹೋಯಿತು? ದಪ್ಪಗಿದ್ದ ಎಂಜಿನ್ ಆಯಿಲ್ ತೆಳ್ಳಗಾಗಿ ಮರದ ಎಳೆಗಳ ಒಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ, ಅಕ್ಕಪಕ್ಕಕ್ಕೂ ಹರಡುತ್ತದೆ. ಬಿಸಿಲು ಬಿದ್ದಾಗ ಮತ್ತೆ ಮೇಲೆ ಬರುತ್ತದೆ. ಅದರ ಮೇಲೆ ವಾರ್ನಿಷ್ ಹೊಡೆದರೆ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ, ಸ್ವಲ್ಪ ದಿನಕ್ಕೇ ಸಿಪ್ಪೆ ಏಳುತ್ತದೆ. ಕೆಲವರು ಪೆಟ್ರೋಲ್ ಹಾಕಿ ಒರೆಸುತ್ತಾರೆ. ದಯವಿಟ್ಟು ಅದನ್ನು ಮಾಡಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಹಾರಿಹೋಗದೆ ಹಲಗೆ ಕೆಳಗಿನ ತಗ್ಗಿನಲ್ಲಿ ಕೂತಿರುತ್ತದೆ. ಒಂದು ಬೀಡಿಯ ಕಿಡಿ ಸಾಕು.

ನೀರಿನ ವಿಚಾರ ಇನ್ನೂ ದೊಡ್ಡದು. ಸೂಳೆಕೆರೆಯ ನೀರು ಚನ್ನಗಿರಿಗೂ ಚಿತ್ರದುರ್ಗಕ್ಕೂ ಕುಡಿಯಲು ಹೋಗುತ್ತದೆ. ಮಾರಿಕಣಿವೆಯ ನೀರನ್ನು ಹಿರಿಯೂರಿನವರು ಕುಡಿಯುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರದ ಸೀಮೆಯ ಜನ ಅಷ್ಟು ವರ್ಷ ಕಾದು ಕಂಡ ನೀರಿಗೆ ನಾವು ಎಣ್ಣೆ ಬಿಡುವುದು ಸರಿಯಲ್ಲ, ಅಲ್ವಾ? ಕೆರೆ ಹೊಳೆಗೆ ಇಂಥದ್ದನ್ನು ಬಿಡಬಾರದು ಅಂತ 1974ರ ಜಲಮಾಲಿನ್ಯ ಕಾಯ್ದೆಯಲ್ಲೂ ಇದೆ. ಕಾಯ್ದೆ ಇರಲಿ ಬಿಡಲಿ, ನಮ್ಮ ಮನೆ ಮಕ್ಕಳೂ ಅದೇ ನೀರು ಕುಡಿಯುವವರು.

ಈಗ ಹೊಸ ಕ್ರಮ. ಹಲಗೆ ಬಂದ ಕೂಡಲೇ ನೀರು ಮುಟ್ಟಿಸುವುದಿಲ್ಲ. ಮೊದಲು ಒಣ ಕೆಲಸ. ಮೇಲೆ ಕೂತ ಜಿಡ್ಡನ್ನು ಮರದ ಪಟ್ಟಿಯಿಂದ ಕೆರೆದು, ಬನಿಯನ್ ವೇಸ್ಟಿನಿಂದ ಒತ್ತಿ ಹೀರಿಸುತ್ತೇವೆ. ಆಮೇಲೆ ಸೀಮೆಸುಣ್ಣದ ಪುಡಿ ಇಲ್ಲವೇ ಮುಲ್ತಾನಿ ಮಿಟ್ಟಿಗೆ ಸ್ವಲ್ಪವೇ ಟರ್ಪಂಟೈನ್ ಕಲಸಿ, ಬಾವು ಬಂದ ಕಾಲಿಗೆ ಪಟ್ಟು ಹಾಕುವ ಹಾಗೆ ಕಲೆಯ ಮೇಲೆ ಬೆರಳು ದಪ್ಪ ಮೆತ್ತುತ್ತೇವೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಹಾಳೆ ತೆಗೆದರೆ ಟರ್ಪಂಟೈನ್ ಪುಡಿಯ ಮೂಲಕ ಆರತೊಡಗುತ್ತದೆ. ಆರುತ್ತಾ ಮರದೊಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಬೆಳ್ಳಗೆ ಮೆತ್ತಿದ ಪುಡಿ ಸಂಜೆ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಡಿಭಾಗ ಕೈಗೆ ಜಿಡ್ಡು ಜಿಡ್ಡಾಗಿ ಸಿಗುತ್ತದೆ. ಸೀಮೆಎಣ್ಣೆಯೂ ಟರ್ಪಂಟೈನೂ ಒಂದೇ ಜಾತಿಯವಲ್ಲವೇ ಅಂತ ನೀವು ಕೇಳಬಹುದು. ಸುಮ್ನೆ ಸುರಿದರೆ ಎರಡೂ ಎಣ್ಣೆಯನ್ನು ಕೆಳಕ್ಕೇ ತಳ್ಳುತ್ತವೆ. ಮೇಲೆ ಪುಡಿ ಇದ್ದರೆ ಎಣ್ಣೆಗೆ ಹತ್ತಿ ಬರಲು ಒಂದು ಜಾಗ ಸಿಗುತ್ತದೆ. ಹಳೆಯ ಕಲೆಯಾದರೆ ಎರಡು ಮೂರು ಸಲ ಮೆತ್ತಬೇಕು. ದಿನ ಹಿಡಿಯುವುದು ಇದಕ್ಕೇ.

ಸೋಪಿನ ಕೆಲಸ ಕೊನೆಗೆ. ಮೊದಲೇ ಸೋಪು ಹಾಕಿದರೆ ಎಣ್ಣೆ ನೀರಿನಲ್ಲಿ ಬೆರೆತುಬಿಡುತ್ತದೆ, ತೇಲಿ ಬೇರೆಯಾಗುವುದಿಲ್ಲ, ಆ ನೀರನ್ನು ಏನು ಮಾಡುವುದು ಅನ್ನುವುದೇ ತಲೆನೋವು. ಒಣಗಿದ್ದಾಗಲೇ ಎಣ್ಣೆ ತೆಗೆದರೆ ಅದು ಪುಡಿಯಲ್ಲೇ ಉಳಿಯುತ್ತದೆ. ಆ ಪುಡಿಯನ್ನೂ ವೇಸ್ಟನ್ನೂ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಹಳೇ ಆಯಿಲ್ ವಿಲೇವಾರಿಗೆ ಪರವಾನಗಿ ಇರುವವರಿಗೆ ಕೊಡುತ್ತೇವೆ. ಉಳಿದ ಪಸೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ಉಗುರು ಬೆಚ್ಚನೆ ನೀರು, ತೆಂಗಿನ ನಾರಿನ ಬ್ರಷ್. ಎಳೆಯ ಉದ್ದಕ್ಕೇ ಉಜ್ಜುತ್ತೇವೆ. ತಂತಿ ಬ್ರಷ್ ನಮ್ಮ ಶೆಡ್ಡಿಗೆ ಬರುವುದಿಲ್ಲ. ಅದರ ಚೂರುಗಳು ಮರದಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿದರೆ, ಒಗರು ಇರುವ ಮತ್ತಿಯಂಥ ಮರದಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಮೊಳೆಯ ಸುತ್ತ ಕಾಣುವ ಕಪ್ಪು ಕೂಡ ಇದೇ. ಅದು ಎಣ್ಣೆಯ ಕಲೆಯಲ್ಲ, ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಅದು ವಿಷ, ಮನೆಯಲ್ಲಿ ಕೈ ಹಾಕಬೇಡಿ, ನಮಗೆ ಬಿಡಿ. ಬ್ಲೀಚಿಂಗ್ ಪೌಡರ್ ಎಣ್ಣೆಯನ್ನು ತೆಗೆಯುವುದಿಲ್ಲ, ಮರವನ್ನು ತಿನ್ನುತ್ತದೆ. ತೊಳೆದ ಹಲಗೆಯನ್ನು ನೆರಳಲ್ಲೇ ಒಣಗಿಸುತ್ತೇವೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಹಲಗೆ ತರುವಾಗ ಬಿದ್ದದ್ದು ಯಾವ ಎಣ್ಣೆ ಅಂತ ಹೇಳಿ. ಇದು ಬಹಳ ಮುಖ್ಯ. ಜನರನ್ನು ಸುತ್ತಾಡಿಸುವ ದೋಣಿಗಳಲ್ಲಿ ಮಂಡಕ್ಕಿ ಮಿರ್ಚಿಯ ಎಣ್ಣೆಯೇ ಜಾಸ್ತಿ. ಅಡುಗೆ ಎಣ್ಣೆಗೆ ಬಿಸಿನೀರು, ವಾಷಿಂಗ್ ಸೋಡಾ ಸಾಕು, ಸೋಡಾ ಸೇರಿದರೆ ಆ ಎಣ್ಣೆಯ ಒಂದಷ್ಟು ಪಾಲು ತಾನೇ ಸೋಪಾಗುತ್ತದೆ. ಎಂಜಿನ್ ಆಯಿಲ್ ಎಷ್ಟು ಸೋಡಾ ಹಾಕಿದರೂ ಸೋಪಾಗುವುದಿಲ್ಲ. ಸುಮ್ನೆ ಸೋಡಾ ಸುರಿದು ಉಜ್ಜಿದರೆ ತೇಗದ ಬಣ್ಣ ಕಪ್ಪಾಗುತ್ತದೆ, ಕಲೆ ಅಲ್ಲೇ ಇರುತ್ತದೆ. ಪ್ಲೈವುಡ್ ಹಲಗೆಯಾದರೆ ಅದನ್ನೂ ಮೊದಲೇ ತಿಳಿಸಿ. ಮೇಲಿನ ಪದರ ತೀರಾ ತೆಳು, ಮರಳು ಕಾಗದ ಹಾಕಿದರೆ ತೂತು ಬೀಳುತ್ತದೆ.

ಎಲ್ಲಾ ಮುಗಿದ ಮೇಲೂ ಹಳೇ ಕಲೆಯ ನೆರಳು ಸ್ವಲ್ಪ ಉಳಿಯಬಹುದು. ಹೊಸ ಹಲಗೆಯಂತೆ ಮಾಡಿಕೊಡುತ್ತೇವೆ ಅಂತ ನಾವು ಹೇಳುವುದಿಲ್ಲ. ಕಾಲು ಜಾರಬಾರದು, ಬಣ್ಣ ಕೂರಬೇಕು. ಇವೆರಡಕ್ಕೆ ನಮ್ಮ ಜವಾಬ್ದಾರಿ. ಹಲಗೆ ಒಯ್ಯುವ ಮುಂಚೆ ನಿಮ್ಮೆದುರೇ ಕಲೆ ಇದ್ದ ಜಾಗದಲ್ಲಿ ನಾಲ್ಕು ಹನಿ ನೀರು ಬಿಡುತ್ತೇವೆ. ಹನಿ ಮುತ್ತಿನಂತೆ ನಿಂತರೆ ಒಳಗೆ ಇನ್ನೂ ಎಣ್ಣೆ ಇದೆ ಅಂತ ಅರ್ಥ. ಹಲಗೆಯನ್ನು ನಾವೇ ವಾಪಸ್ ಇಟ್ಟುಕೊಂಡು ಮತ್ತೆ ಮೆತ್ತುತ್ತೇವೆ, ಅದಕ್ಕೆ ದುಡ್ಡಿಲ್ಲ.

ನೀರು ಹೀರಿದರೆ ಮಾತ್ರ, ಹಲಗೆ ಪೂರ್ತಿ ಒಣಗಿದ ಮೇಲೆ, ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಸಿಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಒರೆಸುತ್ತೇವೆ. ಚಳ್ಳಕೆರೆಯ ಗಾಣದಲ್ಲಿ ಒಳ್ಳೇ ಶೇಂಗಾ ಎಣ್ಣೆ ಸಿಗುವಾಗ ಅದನ್ನೇ ಯಾಕೆ ಹಚ್ಚಬಾರದು ಅಂತ ಹಲವರು ಕೇಳಿದ್ದಾರೆ. ಶೇಂಗಾ ಎಣ್ಣೆ ಒಣಗುವುದಿಲ್ಲ. ಅಂಟಂಟಾಗಿ ಉಳಿದು ದೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಮನೆಯಲ್ಲಿ ನೀವೇ ಹಚ್ಚುವುದಾದರೆ ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಗೆ ತಾನಾಗಿ ಬೆಂಕಿ ಹತ್ತಬಹುದು. ತಂತಿ ಮೇಲೆ ಹರಡಿ ಒಣಗಿಸಿ.

ಎಣ್ಣೆ ಚೆಲ್ಲಿದ ಗಳಿಗೆಯಲ್ಲಿ ನೀವು ಮಾಡಬಹುದಾದ ಕೆಲಸವೇ ನಮ್ಮ ಕೆಲಸಕ್ಕಿಂತ ದೊಡ್ಡದು. ದೋಣಿಯಲ್ಲಿ ಒಂದು ಡಬ್ಬಿ ಮರದ ಹೊಟ್ಟು ಇಟ್ಟುಕೊಳ್ಳಿ, ಶೆಡ್ಡಿಗೆ ಬಂದರೆ ನಾವೇ ಪುಕ್ಕಟೆ ಕೊಡುತ್ತೇವೆ. ಚೆಲ್ಲಿದ ಮೇಲೆ ಉಜ್ಜಬೇಡಿ, ಹೊಟ್ಟು ಸುರಿದು ಒತ್ತಿ, ಆಮೇಲೆ ಗುಡಿಸಿ ಚೀಲಕ್ಕೆ ತುಂಬಿ. ಬೇಸಿಗೆಯಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಬಗ್ಗೆ ಇನ್ನೂ ಹುಷಾರಾಗಿರಿ. ಒಣಗಿದ ಮರ ಎಣ್ಣೆಯನ್ನು ಬೇಗ ಕುಡಿಯುತ್ತದೆ.

ದರ ಮುಂಚಿನಂತೆ ಚದರ ಅಡಿ ಲೆಕ್ಕ. ಕೆಲಸ ಹೆಚ್ಚಿದ್ದರಿಂದ ಸ್ವಲ್ಪ ಜಾಸ್ತಿಯಾಗುತ್ತದೆ. ಹಲಗೆ ನೋಡಿ ಮೊದಲೇ ಹೇಳುತ್ತೇವೆ, ಆಮೇಲೆ ಏರಿಸುವುದಿಲ್ಲ. ಮೀನುಗಾರರಿಗೆ ಅಷ್ಟು ದಿನದ ಮಟ್ಟಿಗೆ ಬದಲಿ ಪ್ಲೈ ಹಲಗೆ ಕೊಡುತ್ತೇವೆ, ಬಾಡಿಗೆ ಇಲ್ಲ. ಉದ್ದ ಅಗಲ ಬರೆದು ಎರಡು ದಿನ ಮುಂಚೆ ತಿಳಿಸಿದರೆ ಕೊಯ್ದು ಇಟ್ಟಿರುತ್ತೇವೆ. ಬಿಚ್ಚುವಾಗ ಮುಂದಿನ ಹಲಗೆಯಿಂದ ಶುರುಮಾಡಿ ಅಡಿಬದಿಯ ಅಂಚಿಗೆ ಉಳಿಯಿಂದ ಒಂದು ಗೀಟು, ಎರಡು ಗೀಟು ಹೀಗೆ ಗುರುತು ಹಾಕಿ. ಸೀಮೆಸುಣ್ಣದಲ್ಲಿ ಬರೆದರೆ ತೊಳೆಯುವಾಗ ಅಳಿಸಿಹೋಗುತ್ತದೆ. ಸ್ಕ್ರೂಗಳನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೇ ತನ್ನಿ. ತುಕ್ಕು ಹಿಡಿದವನ್ನು ಬದಲಾಯಿಸಿ ಕೊಡುತ್ತೇವೆ.

ಇಂತಿ ನಿಮ್ಮ,
ಮರಗೆಲಸದ ಸಂಘದ ಎಲ್ಲರ ಪರವಾಗಿ
ದಾವಣಗೆರೆ