ತಂಗಿಯ ಎದೆಯ ಕವಾಟ ತೆರೆದವರಿಗೆ

ತಂಗಿಗೆ ಹೆಣ್ಣುಮಗು ಹುಟ್ಟಿದೆ. ತಾಯಿ, ಮಗು ಇಬ್ಬರೂ ಕ್ಷೇಮ. ಇಷ್ಟನ್ನು ಬರೆಯುವ ಭಾಗ್ಯ ನಮಗೆ ದೊರೆತದ್ದು ಹಲವರ ಕೈಗುಣದಿಂದ. ಅವರಿಗೆಲ್ಲ ನಾಲ್ಕು ಜನರ ಮುಂದೆ ಕೈಮುಗಿಯಬೇಕೆನಿಸಿದೆ.

ಮೊದಲ ನಮಸ್ಕಾರ ನಮ್ಮೂರಿನ ಆಶಾ ಕಾರ್ಯಕರ್ತೆಗೆ. ಬಸುರಿಗೆ ಏದುಸಿರು ಬರುವುದುಂಟು. ಆದರೆ ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿ ಎದ್ದು ಗೋಡೆಗೊರಗಿ ಕೂರುವುದು ಸರಿಯಲ್ಲ ಎಂದು ಪಟ್ಟುಹಿಡಿದು ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದವರು ಅವರೇ. ಅಲ್ಲಿನ ವೈದ್ಯೆ ತಂಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಸ್ಟೆತಸ್ಕೋಪಿನಲ್ಲಿ ಬಹಳ ಹೊತ್ತು ಆಲಿಸಿದರು. ಎರಡು ಬಡಿತಗಳ ನಡುವೆ, ನಿಶ್ಶಬ್ದವಾಗಿರಬೇಕಾದ ಕಡೆ, ಸಣ್ಣ ಗುಡುಗುಡು ಸದ್ದು ಅವರಿಗೆ ಕೇಳಿಸಿತು. ಹೊರಗೆ ಅಷ್ಟುದ್ದ ಸಾಲು ಕಾಯುತ್ತಿದ್ದರೂ ಆ ಸದ್ದಿಗಾಗಿ ಕಿವಿಗೊಟ್ಟ ಅವರ ತಾಳ್ಮೆಗೆ ನಾನು ಎಂದೆಂದಿಗೂ ಋಣಿ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎಕೋ, ಅಂದರೆ ಶಬ್ದತರಂಗದಿಂದ ಹೃದಯದ ಚಿತ್ರ ನೋಡುವ ಪರೀಕ್ಷೆ, ಮಾಡಿದ ವೈದ್ಯರು ಒಂದು ಹಾಳೆಯ ಮೇಲೆ ಹೃದಯದ ನಾಲ್ಕು ಕೋಣೆಗಳನ್ನು ಬರೆದು ತೋರಿಸಿದರು. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡ ಹೃತ್ಕರ್ಣಕ್ಕೆ, ಅಂದರೆ ಎಡಗಡೆಯ ಮೇಲಿನ ಕೋಣೆಗೆ, ಬರುತ್ತದೆ. ಅಲ್ಲಿಂದ ಮೈಟ್ರಲ್ ಕವಾಟ ದಾಟಿ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಗೆ ಇಳಿದು, ಮಹಾಪಧಮನಿಯ ಮೂಲಕ ಮೈಗೆಲ್ಲ ಹರಿಯುತ್ತದೆ. ಆ ಕವಾಟದ ದ್ವಾರ ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕು. ತಂಗಿಯದು 1ಕ್ಕೂ ಕಡಿಮೆ. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಲ್ಲಿ, ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣೆಯೇ ಕವಾಟವನ್ನೂ ಗಾಯಗೊಳಿಸಿತ್ತು. ಅದರ ಎರಡು ಎಸಳುಗಳ ಅಂಚು ವರ್ಷಗಳಲ್ಲಿ ಬೆಸೆದುಕೊಂಡಿದ್ದವು. ಬಸುರಿನಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ, ಬಡಿತದ ವೇಗವೂ ಏರುತ್ತದೆ. ಇಕ್ಕಟ್ಟಾದ ದ್ವಾರದಲ್ಲಿ ಅಷ್ಟು ರಕ್ತ ಇಳಿಯಲಾಗದೆ ಹಿಂದಕ್ಕೆ, ಶ್ವಾಸಕೋಶದಲ್ಲೇ ಒತ್ತಡ ಕಟ್ಟುತ್ತಿತ್ತು. ಇದು ಅರ್ಥವಾದ ಮೇಲೆ ನಮ್ಮ ಅಮ್ಮ ದೃಷ್ಟಿ ತೆಗೆಯುವುದನ್ನು ಬಿಟ್ಟು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು. ಆ ವೈದ್ಯರು ಕೊಟ್ಟ ಹತ್ತು ನಿಮಿಷದ ಬೆಲೆ ಅವರಿಗೆ ತಿಳಿದಿದೆಯೋ ಇಲ್ಲವೋ, ನಮಗಂತೂ ತಿಳಿದಿದೆ.

ಎದೆ ಕೊಯ್ಯಲಿಲ್ಲ. ಹೊಟ್ಟೆಯ ಮೇಲೆ ಸೀಸದ ಹೊದಿಕೆ ಹಾಸಿ ಮಗುವನ್ನು ಎಕ್ಸ್‌ರೇಯಿಂದ ಕಾಪಾಡಿಕೊಂಡು, ತೊಡೆಸಂದಿಯ ಅಭಿಧಮನಿಯಿಂದ ಸಣ್ಣ ಕೊಳವೆಯನ್ನು ಬಲ ಹೃತ್ಕರ್ಣದವರೆಗೆ ಏರಿಸಿದರು. ಅಲ್ಲಿಂದ ಎಡಕ್ಕೆ ಹೋಗಲು ನಡುಗೋಡೆಯಲ್ಲಿ ಒಂದು ತೆಳು ಜಾಗವಿದೆ. ನಾವೆಲ್ಲ ಗರ್ಭದಲ್ಲಿದ್ದಾಗ ಅದೊಂದು ತೆರೆದ ಕಿಂಡಿ. ಶ್ವಾಸಕೋಶಕ್ಕೆ ಇನ್ನೂ ಕೆಲಸವಿಲ್ಲದ ಕಾರಣ ರಕ್ತ ಅಲ್ಲಿಂದಲೇ ಎಡಕ್ಕೆ ಹಾಯುತ್ತದೆ, ಹುಟ್ಟಿದ ಮೇಲೆ ಆ ಕಿಂಡಿ ಮುಚ್ಚಿಕೊಳ್ಳುತ್ತದೆ. ತಾಯಿಯಲ್ಲಿ ಆ ಜಾಗವನ್ನು ಸೂಜಿಯಿಂದ ದಾಟುತ್ತಿದ್ದ ಹೊತ್ತಿನಲ್ಲೇ ಒಳಗಿನ ಕೂಸಿನ ಹೃದಯದಲ್ಲಿ ಅದೇ ಕಿಂಡಿ ತೆರೆದಿತ್ತು. ಇದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಕೊಳವೆಯ ತುದಿಯ ಪುಟ್ಟ ಬಲೂನು ಕವಾಟದೊಳಗೆ ಉಬ್ಬಿತು, ಬೆಸೆದ ಅಂಚುಗಳು ಬಿಟ್ಟವು. ಆ ರಾತ್ರಿಯೇ ತಂಗಿ ಮಲಗಿ ನಿದ್ದೆ ಮಾಡಿದಳು.

ಆ ಬಲೂನನ್ನು ರೂಪಿಸಿ 1982ರಲ್ಲಿ ಮೊದಲು ಬಳಸಿದವರು ಜಪಾನಿನ ಕಾಂಜಿ ಇನೋವೆ. ಅಷ್ಟು ದೂರದ ಅವರಿಗೂ ನಮ್ಮ ಮನೆಯ ನಮಸ್ಕಾರ.

ಕೊಳವೆ ಚಿಕಿತ್ಸೆ ನಡೆದ ಕ್ಯಾಥ್‌ಲ್ಯಾಬಿನ ತಂಡಕ್ಕೆ, ತಂಗಿಯ ಕೈ ಹಿಡಿದು ಧೈರ್ಯ ಹೇಳಿದ ಶುಶ್ರೂಷಕಿಗೆ, ಹೆರಿಗೆಯ ವೇಳೆ ಹೃದ್ರೋಗ ತಜ್ಞರನ್ನೂ ಜೊತೆಗಿಟ್ಟುಕೊಂಡ ಪ್ರಸೂತಿ ವೈದ್ಯೆಗೆ, ನಮ್ಮ ಹಸುಗಳಿಗೆ ಮೇವು ಹಾಕಿ ಹಾಲು ಕರೆದ ಪಕ್ಕದ ಮನೆಯ ದೊಡ್ಡಮ್ಮನಿಗೆ ಧನ್ಯವಾದ. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಂಗಿಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಬೇಕು. ದಿನಾಂಕವನ್ನು ತಾವೇ ಬರೆದಿಟ್ಟುಕೊಂಡು, ಹಿಂದಿನ ದಿನವೇ ಫೋನ್ ಮಾಡಿ ನೆನಪಿಸುವ ಆರೋಗ್ಯ ಕೇಂದ್ರದ ಸಿಸ್ಟರ್, ನಿಮಗೆ ವಿಶೇಷವಾಗಿ. ಮುಂದಿನ ಸಲ ಮಗುವನ್ನೂ ಕರೆತರುತ್ತೇವೆ.