ಭಾನುವಾರದ ಮಾತುಕತೆ: ಆಮ್‌ಸ್ಟರ್‌ಡ್ಯಾಮ್‌ನ ಪ್ರೊವೊ ಗುಂಪು

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ಪ್ರೊವೊ ಬಗ್ಗೆ ಮಾತಾಡೋಣ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಅರಾಜಕತಾವಾದಿ ಗುಂಪು ಇದು, ಅಂದರೆ ಸರ್ಕಾರ, ಅಧಿಕಾರ ಯಾವುದೂ ಬೇಡ ಅನ್ನುವವರದು. ಇದ್ದದ್ದು ಎರಡೇ ವರ್ಷ.

ನನಗೆ ತುಂಬಾ ಇಷ್ಟವಾದದ್ದು ಅವರ ಬಿಳಿ ಸೈಕಲ್ ಯೋಜನೆ. ಕಾರುಗಳ ಕಾಟ ಜಾಸ್ತಿಯಾಗಿತ್ತು. ಇವರು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಟ್ಟರು. ಯಾರು ಬೇಕಾದರೂ ಹತ್ತಬಹುದು, ತಲುಪಿದ ಕಡೆ ಬಿಟ್ಟು ಹೋಗಬಹುದು. ಪೊಲೀಸರು ಅವನ್ನೂ ಎತ್ತಿಕೊಂಡು ಹೋದರು. ಬೀಗ ಹಾಕದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧ ಅಂತ! ಬೀದಿ ಯಾರದ್ದು ಅನ್ನೋ ಪ್ರಶ್ನೆಯನ್ನು ಇಷ್ಟು ಚೆನ್ನಾಗಿ ಕೇಳಿದವರು ಕಡಿಮೆ.

1966ರ ಮಾರ್ಚ್‌ನಲ್ಲಿ ಇವರು ನೆದರ್‌ಲ್ಯಾಂಡ್ಸ್ ರಾಜಕುಮಾರಿ ಬಿಯಾಟ್ರಿಕ್ಸ್ ಮದುವೆ ಮೆರವಣಿಗೆಯಲ್ಲಿ ಹೊಗೆ ಬಾಂಬ್ ಸಿಡಿಸಿದ್ದು ಸರಿಯಾ? ಅದೇ ವರ್ಷ ನಗರಸಭೆಯಲ್ಲಿ ಒಂದು ಸೀಟನ್ನೂ ಗೆದ್ದರು. ಅರಾಜಕತಾವಾದಿಗಳು ಚುನಾವಣೆಗೆ ನಿಲ್ಲಬಹುದಾ? ಯೋಚಿಸಿಕೊಂಡು ಬನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.